ಅಕ್ಕನ ಗುಂಡಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನು ನಾನು. ಅಷ್ಟರಲ್ಲಿ ಜೊತೆಯ ಮೇಷ್ಟ್ರುಗಳು ಬಡ್ತಿ ಪಡೆದರು, ಚಳ್ಳಕೆರೆಯಲ್ಲಿ ಮಹಡಿ ಮನೆ ಕಟ್ಟಿದರು, ಒಬ್ಬರಂತೂ ಜಿಲ್ಲಾ ಮಟ್ಟದ ಶಾಲು ಹೊದ್ದು ಬಂದರು. ಅವರ ಮೇಲೆಲ್ಲ ನನಗೆ ಹೊಟ್ಟೆಕಿಚ್ಚಾದದ್ದುಂಟು. ಆದರೆ ಅದು ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಉರಿದು ಆರಿಹೋಗುತ್ತಿತ್ತು. ಆರದೆ ವರ್ಷಗಟ್ಟಲೆ ಉರಿದದ್ದು ಒಬ್ಬಳ ಮೇಲೆ ಮಾತ್ರ. ಆಕೆ ನಮ್ಮ ಶಾಲೆಯ ಅಟೆಂಡರ್. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ಹೊತ್ತು ತಿರುಗುವುದು, ಮೇಷ್ಟ್ರುಗಳಿಗೆ ಚಹಾ ಕೊಡುವುದು ಆಕೆಯ ಕೆಲಸ. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಆದರೂ ಹೆಡ್‌ಮೇಷ್ಟ್ರಿಂದ ಹಿಡಿದು ಎಲ್ಲರೂ ‘ಅಕ್ಕ’ ಅನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ಈ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಶಾಲೆಯ ಸಂತಾಪ ಸಭೆಯಲ್ಲಿ ನಾಲ್ಕು ಮಾತಾಡಿ ಅಂತ ನನ್ನನ್ನು ಕರೆದಿದ್ದರು. ನಾನು ಹೋಗಲಿಲ್ಲ. ಸಭೆಯಲ್ಲಿ ಆಡಲಾಗದ ಮಾತು ಇದು.

ಮೊಳಕಾಲ್ಮೂರಿನಲ್ಲಿ ಬಂಡೆಗುಡ್ಡದ ಬುಡಕ್ಕೆ ತಾಗಿದ ಕೊನೆಯ ಬೀದಿ ನಮ್ಮದು. ಎದೆಯೆತ್ತರದ ಗೋಡೆಯ ಈಚೆ ನಾವು, ಆಚೆ ಅಕ್ಕ. ಅಕ್ಕನ ತವರು ಸಿದ್ದಾಪುರದ ಕಡೆ, ಗುಡ್ಡದಲ್ಲಿ ಕುರಿ ಮೇಯಿಸುವ ಮನೆ. ಗಂಡ ಇದೇ ಶಾಲೆಯಲ್ಲಿ ಅಟೆಂಡರ್ ಆಗಿದ್ದವನು. ಅವನು ಸತ್ತ ಮೇಲೆ ಆ ಕೆಲಸ ಈಕೆಗೆ ಬಂತು. ಒಬ್ಬಳೇ ಮಗಳನ್ನು ಕೊಂಡ್ಲಹಳ್ಳಿಗೆ ಕೊಟ್ಟಿದ್ದಳು. ಮನೆಯಲ್ಲಿ ಒಬ್ಬಳೇ. ಆದರೆ ‘ಒಬ್ಳೇ ಹೆಂಗಿರ್ತೀಯಕ್ಕಾ’ ಅಂತ ಯಾರಾದರೂ ಕೇಳಿದರೆ ಆಕೆಗೆ ನಗು ಬರುತ್ತಿತ್ತು. ಹಿತ್ತಲ ಕಡೆ ಕೈ ತೋರಿಸುತ್ತಿದ್ದಳು.

ಆ ಹಿತ್ತಲಲ್ಲಿ ನಾಲ್ಕು ಮಂಚ ಹಿಡಿಸುವಷ್ಟು ಅಗಲದ ಒಂದು ಕೊಳವಿತ್ತು. ಆಕೆ ಅದನ್ನು ಕೊಳ ಅನ್ನುತ್ತಿರಲಿಲ್ಲ, ಗುಂಡಿ ಅನ್ನುತ್ತಿದ್ದಳು. ಭಾನುವಾರಗಳಲ್ಲಿ ತಾನೇ ಅಗೆದು, ಜೇಡಿಮಣ್ಣು ಮೆತ್ತಿ, ಒಂದು ಬದಿಗೆ ಇಳಿಜಾರಾಗಿ ಕಲ್ಲು ಜೋಡಿಸಿದ್ದಳು. ಬಚ್ಚಲ ನೀರು ಬಾಳೆ, ಕೆಸುವಿನ ಬುಡ ಸುತ್ತಿ ತಿಳಿಯಾಗಿ ಅದಕ್ಕೆ ಇಳಿಯುತ್ತಿತ್ತು. ಮಳೆ ಬಂದರೆ ಸೂರಿನ ನೀರೂ ಅದಕ್ಕೇ. ಕೆರೆಯಿಂದ ಕೊಡದಲ್ಲಿ ತಂದ ಬೆರಳುದ್ದದ ಮೀನುಗಳನ್ನು ಬಿಟ್ಟಿದ್ದಳು. ಉಳಿದವೆಲ್ಲ ತಾವಾಗಿ ಬಂದವು. ಕಪ್ಪೆ, ಏರೋಪ್ಲೇನ್ ಚಿಟ್ಟೆ, ಒಂದು ನೀರುಹಾವು, ಅಳಿಲು, ಮುಂಗುಸಿ, ಬೆಳಗಾದರೆ ಗುಡ್ಡದಿಂದ ಇಳಿದು ನೀರು ಕುಡಿಯುವ ನವಿಲು.

ನನ್ನ ಹಿತ್ತಲಿಗೂ ಬರುತ್ತಿದ್ದವು. ಆದರೆ ಬಂದು ಹಾಳು ಮಾಡಿ ಹೋಗುತ್ತಿದ್ದವು. ನಾನು ಅಳತೆ ಹಿಡಿದು ಪಾತಿ ಮಾಡಿ, ಗುಲಾಬಿ, ಟೊಮೆಟೊ, ಕೊತ್ತಂಬರಿ ಹಾಕಿದ್ದೆ. ಚಳ್ಳಕೆರೆಗೆ ಹೋದಾಗಲೆಲ್ಲ ಹೊಸ ಔಷಧಿ ತಂದು ಹೊಡೆಯುತ್ತಿದ್ದೆ. ಆದರೂ ಕೊತ್ತಂಬರಿಯನ್ನು ನವಿಲು ಕೆದರುತ್ತಿತ್ತು, ಟೊಮೆಟೊಗೆ ಬಿಳಿನೊಣ ಹತ್ತುತ್ತಿತ್ತು, ಹೆಗ್ಗಣ ಪಾತಿಯ ಕೆಳಗೆ ಸುರಂಗ ತೋಡುತ್ತಿತ್ತು. ವಾರಕ್ಕೊಮ್ಮೆ ಗುಡ್ಡದ ಕೋತಿಗಳು ಇಳಿದರೆ ಮುಗಿಯಿತು. ನಾನು ಪಟಾಕಿ ಹಚ್ಚುತ್ತಿದ್ದೆ. ಅವು ಗೋಡೆ ಹಾರಿ ಅಕ್ಕನ ಹಿತ್ತಲಿಗೆ ಹೋಗಿ ಹಿಂದಿನ ಸೀಬೆಗಿಡದಲ್ಲಿ ಕೂತು ಶಾಂತವಾಗಿ ತಿನ್ನುತ್ತಿದ್ದವು. ಪಟಾಕಿ ಸದ್ದು ನಿಂತ ಮೇಲೆ ಮತ್ತೆ ಈಚೆ ಬಂದು ಗುಲಾಬಿ ಗಿಡ ಕಿತ್ತು, ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಎಸೆಯುತ್ತಿದ್ದವು.

“ನಿಮ್ಮನೇಲಿ ತಿನ್ನಾಕೆ ಏನೂ ಇಲ್ಲ ಸಾರ್. ಅದಕ್ಕೇ ಕಿತ್ ಕಿತ್ ನೋಡ್ತಾವೆ,” ಅಂದಳು ಅಕ್ಕ ಗೋಡೆಯ ಮೇಲೆ ಮೊಣಕೈ ಊರಿ. “ಆ ಸೀಬೆಗಿಡ ನಾನು ಮುಟ್ಟಲ್ಲ, ಅದು ಅವುಂದೇ. ಅವರೆ ಸಾಲು ನಂದು, ಅದಕ್ಕೆ ಜಾಲಿಮುಳ್ಳು ಮುಚ್ಚೀನಿ. ಅದ್ರ ತಂಟೆಗೆ ಬಂದ್ರೆ ಕೋಲು ತಗಂತೀನಿ. ಅವಕ್ಕೆ ಗೊತ್ತೈತೆ.”

ಆಕೆ ಎಲ್ಲ ಜೀವಿಗಳ ಮೇಲೂ ಕರುಣೆ ಸುರಿಸುವ ಸಾಧ್ವಿ ಅಂದುಕೊಳ್ಳಬೇಡಿ. ಚೇಳನ್ನು ಚಪ್ಪಲಿಯಲ್ಲಿ ಒಂದೇ ಏಟಿಗೆ ಮುಗಿಸುತ್ತಿದ್ದಳು. ಅಕ್ಕಿ ಡಬ್ಬಕ್ಕೆ ಬಾಯಿ ಹಾಕಿದ ಇಲಿಯನ್ನು ಬೋನಿನ ಸಮೇತ ಬಕೆಟ್ಟಿಗೆ ಅದ್ದುತ್ತಿದ್ದಳು. ಗೊಬ್ಬರದ ಗುಂಡಿಯ ದಪ್ಪ ಬಿಳಿ ಹುಳಗಳನ್ನು ಆರಿಸಿ ಕೋಳಿಗೆ ಹಾಕುತ್ತಿದ್ದಳು. ಯಾವುದಕ್ಕೆ ಎಷ್ಟು ಬಿಡಬೇಕು, ಎಲ್ಲಿ ತಡೆಯಬೇಕು ಅನ್ನುವುದು ಆಕೆಗೆ ತಿಳಿದಿತ್ತು. ನಮ್ಮ ಜೊತೆ ಮಾತಾಡುವುದು ಕನ್ನಡದಲ್ಲಿ, ಈ ಪ್ರಾಣಿಗಳ ಜೊತೆ ಮಾತ್ರ ತವರಿನ ತೆಲುಗಿನಲ್ಲಿ. ನೀರುಹಾವು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿಸಿಲು ಕಾಯಿಸುತ್ತಿದ್ದರೆ, “ಪೋ ನಾಯನಾ, ಪೋ,” ಅನ್ನುತ್ತಿದ್ದಳು. ಅದು ನೀರಿಗಿಳಿಯುತ್ತಿತ್ತು. ನಾನು ಗೋಡೆಯೀಚೆಯಿಂದ ನೋಡಿ ಹಲ್ಲು ಕಚ್ಚುತ್ತಿದ್ದೆ. ಹತ್ತನೇ ಕ್ಲಾಸಿನ ಹುಡುಗರು ನನ್ನ ಮಾತು ಅಷ್ಟು ಬೇಗ ಕೇಳುತ್ತಿರಲಿಲ್ಲ.

ಒಂದು ಬೇಸಿಗೆಯ ಶುರುವಿನಲ್ಲಿ ನಾನು ಕಪ್ಪೆಯ ಪಾಠ ಮಾಡುತ್ತಿದ್ದಾಗ ಅಕ್ಕ ನೋಟೀಸು ತಂದು ಬಾಗಿಲಲ್ಲಿ ನಿಂತಳು. ನಾನು ಸಹಿ ಹಾಕಿಕೊಟ್ಟೆ. ಆಕೆ ಹೋಗಲಿಲ್ಲ.

“ಸಾರ್, ಒಂದ್ ಮಾತು. ಬೇಸಿಗೇಲಿ ಈ ಕಪ್ಪೆಗಳು ಎಲ್ಲಿಗೆ ಹೋಗ್ತಾವೆ?”

“ಗ್ರೀಷ್ಮನಿದ್ರೆ ಮಾಡುತ್ತವೆ,” ಅಂದೆ.

“ಅದು ಸರಿ ಸಾರ್. ಎಲ್ಲಿ?”

“ಮಣ್ಣಿನಲ್ಲಿ” ಅಂದು ಬೋರ್ಡಿನ ಕಡೆ ತಿರುಗಿದೆ. ಅವತ್ತು ಸಂಜೆ ಅಕ್ಕ ಗೋಡೆಯ ಹತ್ತಿರ ಕರೆದಳು. ತನ್ನ ಬಟ್ಟೆ ಒಗೆಯುವ ಕಲ್ಲನ್ನು ಹಾರೆಯಿಂದ ಮೀಟಿ ಬದಿಯ ಮಣ್ಣನ್ನು ಕೈಯಲ್ಲೇ ಸರಿಸಿದಳು. ಗೇಣುದ್ದ ಕೆಳಗೆ, ತೇವದ ಮಣ್ಣಿನಲ್ಲಿ ಮಣ್ಣಿನದೇ ಬಣ್ಣದ ಕಪ್ಪೆಯೊಂದು ಕಣ್ಣು ಮುಚ್ಚಿ ಕುಳಿತಿತ್ತು. “ನೀವು ಅಂದಿದ್ದು ನಿಜ ನೋಡ್ರಿ ಸಾರ್,” ಅಂದು ಮತ್ತೆ ಮಣ್ಣು ಮುಚ್ಚಿದಳು. ಗ್ರೀಷ್ಮನಿದ್ರೆ ಅನ್ನುವ ಪದವನ್ನು ನಾನು ಎಷ್ಟು ಸಾವಿರ ಮಕ್ಕಳಿಗೆ ಬರೆಸಿದ್ದೆನೋ. ಅಲ್ಲಿಯವರೆಗೆ ಹಾಗೆ ಮಲಗಿದ ಒಂದು ಕಪ್ಪೆಯನ್ನೂ ನಾನು ಕಂಡಿರಲಿಲ್ಲ. ಅವಳಿಗೆ ಥ್ಯಾಂಕ್ಸ್ ಹೇಳಬೇಕಿತ್ತು. “ಕೈ ತೊಳೆದುಕೋ, ಇನ್ಫೆಕ್ಷನ್ ಆಗುತ್ತೆ,” ಅಂದು ಒಳಗೆ ಬಂದೆ.

ಇದಕ್ಕಿಂತ ಹೆಚ್ಚು ನೋವಾದದ್ದು ನನ್ನ ಹೆಂಡತಿಯ ವಿಷಯದಲ್ಲಿ. ನಮ್ಮ ಎಳೆಯ ನಿಂಬೆಗಿಡಕ್ಕೆ ಹುಳ ಹತ್ತಿದಾಗ ಆಕೆ ನನ್ನನ್ನು ಕೇಳಲಿಲ್ಲ, ಅಕ್ಕನನ್ನು ಕೇಳಿದಳು. “ಸಾಯಿಸ್ಬೇಡ್ರಿ ಅಮ್ಮಾರೆ, ನಮ್ಮ ಕರಿಬೇವಿನ ಮರಕ್ಕೆ ಬಿಡ್ರಿ. ಅದು ದೊಡ್ಡದು, ತಡಕಂತೈತೆ,” ಅಂದಳಂತೆ. ಇಬ್ಬರೂ ಕೂತು ಹುಳಗಳನ್ನು ಎಲೆಯ ಸಮೇತ ಗೋಡೆ ದಾಟಿಸಿದರು. ಮುಂದೆ ಎರಡು ವಾರ ನನ್ನ ಹೆಂಡತಿ ದಿನಾ ಬೆಳಿಗ್ಗೆ ಆ ಮರದ ಕೆಳಗೆ ನಿಂತಳು. ಒಂದು ದಿನ ನಾನು ಹಲ್ಲುಜ್ಜುತ್ತಿದ್ದಾಗ ಓಡಿ ಬಂದು, “ರೀ, ಚಿಟ್ಟೆ ಆತು! ರೆಕ್ಕೆ ಒದ್ದೆ ಇತ್ತು, ನನ್ ಕಣ್ಮುಂದೇ ಒಣಗಿಸ್ಕಂಡು ಹಾರಿಹೋತು!” ಅಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ. ಚಿಟ್ಟೆಯ ಜೀವನಚಕ್ರದ ಚಿತ್ರವನ್ನು ಬಣ್ಣದ ಸೀಮೆಸುಣ್ಣದಲ್ಲಿ ತಪ್ಪಿಲ್ಲದೆ ಬರೆಯುವವನು ನಾನು. ಅದನ್ನು ಅವಳು ಒಮ್ಮೆಯೂ ನೋಡಬೇಕು ಅಂದಿರಲಿಲ್ಲ.

ಇಷ್ಟಾದರೂ ಒಳಗೊಳಗೆ ಬೇಯುತ್ತ ಇದ್ದುಬಿಡುತ್ತಿದ್ದೆನೇನೋ. ಆ ವರ್ಷ ಶಾಲೆಯ ಕೈತೋಟ ನೋಡಲು ಮೇಲಿನಿಂದ ಒಬ್ಬ ಅಧಿಕಾರಿ ಬಂದರು. ನಾನು ಒಂದು ವಾರ ಕಷ್ಟಪಟ್ಟು ಗಿಡಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿದ್ದೆ. ಅವರು ಎರಡು ಸಾಲು ನೋಡಿದರು. ಚಹಾ ತಂದ ಅಕ್ಕ, “ಸಾರ್, ಆ ಬೆಂಡೆ ಎಲೆ ತಿರುವಿ ನೋಡ್ರಿ, ಹೆಣ್ಣು ಜೇಡ ಮೊಟ್ಟೆ ಕಾಯ್ತಾ ಐತೆ,” ಅಂದುಬಿಟ್ಟಳು. ಆಮೇಲೆ ಅವರು ನನ್ನ ಚೀಟಿಗಳನ್ನು ನೋಡಲೇ ಇಲ್ಲ. ಸಂಜೆ ಆಕೆಯ ಗುಂಡಿಯನ್ನೂ ನೋಡಿಬಂದರು. ಸ್ಟಾಫ್ ರೂಮಿನಲ್ಲಿ ಹೊರಡುವಾಗ ನಗುತ್ತಾ, “ನಿಮ್ಮ ಶಾಲೆಯಲ್ಲಿ ಇಬ್ಬರು ವಿಜ್ಞಾನದ ಮೇಷ್ಟ್ರಿದ್ದಾರೆ. ಒಬ್ಬರಿಗೆ ಮಾತ್ರ ಸಂಬಳ ಸರಿಯಾಗಿ ಬರುತ್ತಿದೆ,” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಕಿವಿ ಸುಡುತ್ತಿತ್ತು.

ಅದಾದ ಸ್ವಲ್ಪ ದಿನಕ್ಕೆ ನಮ್ಮ ಬೀದಿಯಲ್ಲಿ ಜ್ವರ ಶುರುವಾಯಿತು. ಮನೆಗೊಬ್ಬರು ಮಲಗಿದರು. ಎಲ್ಲರ ಬಾಯಲ್ಲೂ ಸೊಳ್ಳೆಯ ಮಾತು. ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಪಟ್ಟಣ ಪಂಚಾಯಿತಿಗೆ ಅರ್ಜಿ ಬರೆದೆ. ಬೀದಿಯ ಕೊನೆಯ ಮನೆಯ ಹಿತ್ತಲಲ್ಲಿ ನಿಂತ ನೀರಿನ ಹೊಂಡವಿದೆ, ಸೊಳ್ಳೆಯೂ ಹಾವೂ ಹೆಚ್ಚಾಗಿ ಜನ ಭಯದಲ್ಲಿದ್ದಾರೆ, ತಕ್ಷಣ ಮುಚ್ಚಿಸಬೇಕು. ಕೆಳಗೆ ‘ನೊಂದ ನಾಗರಿಕರು’ ಅಂತ ಸಹಿ. ಗುರುತು ಸಿಗಬಾರದೆಂದು ಅಕ್ಷರಗಳನ್ನು ಆದಷ್ಟು ನೆಟ್ಟಗೆ ನಿಲ್ಲಿಸಿ ಬರೆದೆ. ಮೀನು ಮತ್ತು ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ನೀರಿನಲ್ಲಿ ಸೊಳ್ಳೆಯ ಮರಿ ಉಳಿಯುವುದಿಲ್ಲ ಅನ್ನುವುದು ಒಂಬತ್ತನೇ ಕ್ಲಾಸಿನ ಪಾಠ. ಅದನ್ನು ಕಲಿಸಿದವನೇ ನಾನು. ಬರೆಯುವಾಗ ಒಂದು ಅಕ್ಷರವನ್ನೂ ಹೊಡೆದುಹಾಕಲಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಒಂದು ಭಾನುವಾರ ಬೆಳಿಗ್ಗೆ ಪಂಚಾಯಿತಿಯ ಮೇಸ್ತ್ರಿ ಒಬ್ಬ, ಮೂವರು ಆಳುಗಳು, ಗರಸು ಮಣ್ಣು ತುಂಬಿದ ಟ್ರ್ಯಾಕ್ಟರ್ ಬಂದವು. ನಾನು ಗೋಡೆಯ ಈಚೆ ಗುಲಾಬಿಗೆ ನೀರು ಹಾಕುತ್ತಿದ್ದೆ.

“ಗುಂಡಿ ಮುಚ್ಬೇಕಕ್ಕಾ, ಕಂಪ್ಲೇಂಟ್ ಬಂದೈತೆ,” ಅಂದ ಮೇಸ್ತ್ರಿ.

“ಯಾರು ಕೊಟ್ರಪ್ಪಾ?”

“ಹೆಸರಿಲ್ಲ. ಬೇಕಾದ್ರೆ ನೀನೇ ಓದ್ಕ,” ಅಂದು ಅವನು ನನ್ನ ಅರ್ಜಿಯನ್ನು ಆಕೆಯ ಕೈಗೇ ಕೊಟ್ಟುಬಿಟ್ಟ.

ಅಕ್ಕ ಏಳನೇ ಕ್ಲಾಸು ಓದಿದ್ದಳು. ನಿಧಾನವಾಗಿ ಪೂರ್ತಿ ಓದಿದಳು. ನಾಲ್ಕಾಗಿ ಮಡಚಿ ಅವನಿಗೆ ವಾಪಸು ಕೊಟ್ಟಳು. ನಂತರ ಗೋಡೆಯ ಕಡೆ ನೋಡಿದಳು.

“ಸಾರ್, ಒಂದೀಟು ಬನ್ರಿ ಇಲ್ಲಿ. ನೀವು ಸೈನ್ಸ್ ಮೇಷ್ಟ್ರು, ನೀವು ಹೇಳಿದ್ರೆ ಇವರು ಕೇಳ್ತಾರೆ. ಈ ನೀರಾಗೆ ಸೊಳ್ಳೆ ಇರ್ತಾವಾ? ನೀವೇ ಹೇಳ್ರಿ.”

ಮೇಸ್ತ್ರಿ, ಮೂವರು ಆಳುಗಳು, ಟ್ರ್ಯಾಕ್ಟರಿನ ಡ್ರೈವರ್ ಎಲ್ಲರೂ ನನ್ನ ಮುಖ ನೋಡಿದರು. ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯೂ ನೋಡಿದಳು. ನಿಜ ಹೇಳಲು ಒಂದೇ ಒಂದು ವಾಕ್ಯ ಸಾಕಿತ್ತು.

“ಸರ್ಕಾರದ ನಿಯಮ ಅಂತ ಇರುತ್ತಲ್ಲಕ್ಕಾ,” ಅಂದೆ. “ನಾನೇನು ಹೇಳಲಿ?”

“ಹಂಗಾರೆ ಸರಿ ಸಾರ್,” ಅಂದಳು. ಮತ್ತೆ ವಾದ ಮಾಡಲಿಲ್ಲ. ಸೀರೆ ಎತ್ತಿಕಟ್ಟಿ ಗುಂಡಿಗಿಳಿದು, ಬುಟ್ಟಿಯಲ್ಲಿ ಮೀನುಗಳನ್ನು ಗೋರಿ ಬಕೆಟ್ಟಿಗೆ ತುಂಬತೊಡಗಿದಳು. ನನ್ನ ಹೆಂಡತಿ ನನ್ನ ಪಕ್ಕದಿಂದಲೇ ಹಾದು, ಗೋಡೆ ಸುತ್ತಿ ಹೋಗಿ ಇನ್ನೊಂದು ಬಕೆಟ್ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಗುಂಡಿಯ ಜಾಗದಲ್ಲಿ ಕೆಂಪು ಗರಸಿನ ದಿಬ್ಬ ಇತ್ತು.

ಮರುದಿನ ಶಾಲೆಯಲ್ಲಿ ನನ್ನ ಪ್ರಯೋಗಾಲಯದ ಬಾಗಿಲು ತೆಗೆದರೆ, ವರ್ಷಗಳಿಂದ ಖಾಲಿಯಿದ್ದ ಗಾಜಿನ ತೊಟ್ಟಿಯ ತುಂಬ ನೀರು, ನೀರಿನ ತುಂಬ ಆ ಮೀನುಗಳು. ಅಕ್ಕ ನೆಲ ಒರೆಸುತ್ತಿದ್ದಳು. “ಬ್ಯಾರೆ ಜಾಗ ಸಿಗಾತನಕ ಇಲ್ಲಿರ್ಲಿ ಸಾರ್. ನಿಮ್ ಕಣ್ ಮುಂದೆ ಇದ್ರೆ ನಂಗೆ ಚಿಂತೆ ಇಲ್ಲ,” ಅಂದಳು. ಒಂದು ವರ್ಷದ ಮೇಲೆ ಅವು ಅಲ್ಲೇ ಇದ್ದವು. ನಾನು ಪಾಠಕ್ಕೆ ತಯಾರಾಗುತ್ತಿದ್ದರೆ ಗಾಜಿಗೆ ಮೂತಿ ಒತ್ತಿ ನನ್ನನ್ನೇ ನೋಡುತ್ತಿದ್ದವು. ಎರಡು ಸತ್ತಾಗ ಭಯವಾಗಿ, ಯಾರಿಗೂ ಹೇಳದೆ ಚಳ್ಳಕೆರೆಯಿಂದ ಮೀನಿನ ಆಹಾರದ ಡಬ್ಬಿ ತಂದಿಟ್ಟುಕೊಂಡೆ.

ಗುಂಡಿ ಹೋದದ್ದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ನೀರುಹಾವು ದಿಕ್ಕು ತಪ್ಪಿ ನಮ್ಮ ಬಚ್ಚಲಿಗೆ ಬಂದು, ನನ್ನ ಹೆಂಡತಿ ಕೂಗಿದಾಗ ಅಕ್ಕನೇ ಬಂದು ಹಿಡಿದುಕೊಂಡು ಹೋಗಿ ಕೆರೆಗೆ ಬಿಟ್ಟಳು. ನಾನು ಸ್ಟೂಲಿನ ಮೇಲೆ ನಿಂತಿದ್ದೆ. ಕೋತಿಗಳಿಗೆ ನೀರಿಲ್ಲವಾಗಿ ನಮ್ಮ ಟ್ಯಾಂಕಿನ ಪೈಪನ್ನೇ ಮುರಿದವು. ಮುಂದಿನ ಮಳೆಗಾಲ ಬಂತು. ಕಪ್ಪೆಯ ದನಿ ಇಲ್ಲದ ಸಂಜೆಗಳು ಬಂದವು. ಹೋದ ವರ್ಷಕ್ಕಿಂತ ಜೋರಾಗಿ ಜ್ವರವೂ ಬಂತು. ಈ ಸಲ ದೂರಲು ಗುಂಡಿ ಇರಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಬೀದಿಯ ಕಟ್ಟಿಕೊಂಡ ಚರಂಡಿ ತೋರಿಸಿ ಬೈದು ಹೋದರು.

ಅದಾದ ಒಂದು ಸಂಜೆ ಅಕ್ಕ ನಮ್ಮ ಮನೆಗೆ ಬಂದಳು. ನನ್ನ ಹೆಂಡತಿ ಅಂಗಡಿಗೆ ಹೋಗಿದ್ದಳು. ಅಕ್ಕ ಕೈಯಲ್ಲಿ ಒಂದು ಬಿಳಿ ಹಾಳೆ ಹಿಡಿದಿದ್ದಳು.

“ಪಂಚಾಯ್ತಿಗೆ ಒಂದು ಅರ್ಜಿ ಬರಕೊಡ್ರಿ ಸಾರ್. ಗುಂಡಿ ಮತ್ತೆ ತೋಡ್ತೀನಿ, ಮೀನು ಬಿಡ್ತೀನಿ, ಸೊಳ್ಳೆ ಆಗಲ್ಲ, ಪರ್ಮಿಷನ್ ಕೊಡ್ರಿ ಅಂತ.”

“ಹೆಡ್‌ಮೇಷ್ಟ್ರ ಹತ್ತಿರ ಬರೆಸಬಹುದಿತ್ತಲ್ಲ,” ಅಂದೆ.

“ನೀವೇ ಬರೀರಿ. ನಿಮ್ ಅಕ್ಷರ ನೋಡಿದ್ರೆ ಆಫೀಸ್ನೋರು ಬ್ಯಾಗ ಬರ್ತಾರೆ.”

ನಾನು ಪೆನ್ನಿನ ಕ್ಯಾಪು ತೆಗೆಯುತ್ತಿದ್ದವನು ಹಾಗೇ ಕೂತೆ. ಇಪ್ಪತ್ತು ವರ್ಷ ನಾನು ಬರೆದ ನೋಟೀಸು, ರಜಾ ಚೀಟಿ, ಅಂಕಪಟ್ಟಿಗಳನ್ನು ಕೈಯಲ್ಲಿ ಹಿಡಿದು ಕ್ಲಾಸಿಂದ ಕ್ಲಾಸಿಗೆ ತಿರುಗಿದವಳು ಆಕೆ. ಎಷ್ಟು ನೆಟ್ಟಗೆ ನಿಲ್ಲಿಸಿದರೂ ನನ್ನ ಅಕ್ಷರ ಆಕೆಗೆ ಗೊತ್ತಾಗದೆ ಇರುತ್ತದೆಯೇ? ಹಾಗಾದರೆ ಅವತ್ತು ಅರ್ಜಿ ಓದಿ ಮಡಚಿದ ಮೇಲೆ, ಎಲ್ಲ ತಿಳಿದೇ ‘ನೀವೇ ಹೇಳ್ರಿ’ ಅಂತ ನನ್ನನ್ನು ಕರೆದದ್ದು. ತಪ್ಪನ್ನು ಅಲ್ಲೇ, ಯಾರಿಗೂ ಗೊತ್ತಾಗದಂತೆ ತಿದ್ದಿಕೊಳ್ಳಲು ನನಗೊಂದು ದಾರಿ ಬಿಟ್ಟಿದ್ದಳು.

“ಅಕ್ಕಾ,” ಅಂದೆ. ಪೆನ್ನು ಕೆಳಗಿಟ್ಟೆ.

“ಸಿಟ್ಟು ಬಂದಿತ್ತು ಸಾರ್. ಸುಳ್ಳು ಯಾಕೆ ಹೇಳ್ಲಿ?” ಅಂದಳು ನೆಲ ನೋಡುತ್ತಾ. “ಒಂದು ವಾರ ನಿಮ್ ಚಾಕ್ಕೆ ಸಕ್ಕರೆ ಹಾಕ್ಲಿಲ್ಲ. ಕೇಳ್ತೀರೇನೋ, ಕೇಳಿದ್ರೆ ಹೇಳಾನ ಅಂತಿದ್ದೆ. ನೀವು ಕೇಳ್ಲೇ ಇಲ್ಲ.”

ನನಗೆ ಆ ಚಹಾ ನೆನಪಿತ್ತು. ಸಪ್ಪೆ ಅನ್ನಿಸಿತ್ತು. ಶಾಲೆಯಲ್ಲಿ ಸಕ್ಕರೆ ಮುಗಿದಿರಬೇಕು ಅಂದುಕೊಂಡು ಕುಡಿದಿದ್ದೆ.

“ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಮಕ್ಕಳ ಮುಂದೆ ಹೆಂಗೆ ನಿಲ್ತಿದ್ರಿ? ಬರೀರಿ ಸಾರ್, ಕತ್ಲಾಗ್ತೈತೆ.”

ಬರೆದೆ. ನನ್ನದೇ ಅಕ್ಷರದಲ್ಲಿ. ಕೆಳಗೆ ಆಕೆಯ ಸಹಿಯ ಪಕ್ಕ, ಈ ನೀರಿನಲ್ಲಿ ಸೊಳ್ಳೆ ಬೆಳೆಯುವುದಿಲ್ಲವೆಂದು ನಾನು ಬಲ್ಲೆ ಅಂತ ಬರೆದು ನನ್ನ ಹೆಸರು, ಹುದ್ದೆ ಹಾಕಿದೆ. ಒಪ್ಪಿಗೆ ಬಂತು. ಗರಸು ಎತ್ತಿ ಹೊರಹಾಕಲು ನಾನೂ ಎರಡು ಭಾನುವಾರ ಬುಟ್ಟಿ ಹೊತ್ತೆ. ಮೂರನೆಯ ಭಾನುವಾರ ಸೊಂಟ ಹಿಡಿದು ಮಲಗಿದೆ. ಮೀನುಗಳನ್ನು ಶಾಲೆಯಿಂದ ಬಕೆಟ್ಟಿನಲ್ಲಿ ತಂದು ಬಿಟ್ಟವನೂ ನಾನೇ. ಆಮೇಲಿನ ಮೊದಲ ಮಳೆಗೆ ಕಪ್ಪೆಗಳು ಕೂಗಿದವು. ನನ್ನ ಹೆಂಡತಿ ಆ ಕಡೆ ಹೋಗಿ ಕಲ್ಲಿನ ಮೇಲೆ ಅಕ್ಕನ ಪಕ್ಕ ಕೂತಳು. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ನನ್ನ ಹೊಟ್ಟೆಕಿಚ್ಚು ಹೋಗಿರಬೇಕು ಅಂತ ನೀವು ಅಂದುಕೊಂಡರೆ ಅದು ತಪ್ಪು. ಮೊದಲು ಆಕೆಯ ಹಿತ್ತಲು ಕಂಡು ಉರಿಯುತ್ತಿದ್ದೆ. ಈಗ ಆಕೆಯ ಮನಸ್ಸು ಕಂಡು ಉರಿಯತೊಡಗಿದೆ. ಆಕೆ ಬಯ್ದಿದ್ದರೆ, ಬೀದಿಯಲ್ಲಿ ನಿಂತು ಮಾನ ಕಳೆದಿದ್ದರೆ ನಾವಿಬ್ಬರೂ ಸಮಸಮ ಆಗುತ್ತಿದ್ದೆವು. ಅಷ್ಟನ್ನೂ ಆಕೆ ಮಾಡಲಿಲ್ಲ. ಒಂದು ವಾರದ ಸಕ್ಕರೆಯಲ್ಲಿ ಮುಗಿಸಿಬಿಟ್ಟಳು.

ನಾನು ನಿವೃತ್ತನಾದೆ. ನಾಲ್ಕು ವರ್ಷಕ್ಕೆ ಅಕ್ಕನೂ ನಿವೃತ್ತಳಾದಳು. ಈ ಬೇಸಿಗೆಯಲ್ಲಿ ಮಗಳ ಮನೆಗೆ ಅಂತ ಕೊಂಡ್ಲಹಳ್ಳಿಗೆ ಹೋದವಳು ಅಲ್ಲೇ ಎದೆನೋವು ಬಂದು ಹೋಗಿಬಿಟ್ಟಳು. ಕಾರ್ಯ ಮುಗಿದ ಮೇಲೆ ಮಗಳು ಮನೆಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಹೆಂಡತಿಗೆ ಕೊಟ್ಟಳು. “ಅವ್ವನ ಗುಂಡಿ ಒಣಗದಂಗೆ ನೋಡ್ಕಳ್ರಿ ಅಮ್ಮಾರೆ,” ಅಂದಳು. ನಾನು ಅಲ್ಲೇ ನಿಂತಿದ್ದೆ. ನನಗೆ ಹೇಳಲಿಲ್ಲ.

ನನ್ನ ಹೆಂಡತಿ ಗಟ್ಟಿಗಿತ್ತಿ. ತನ್ನ ತಾಯಿ ಸತ್ತಾಗಲೂ ಬಂದವರಿಗೆಲ್ಲ ತಾನೇ ಅಡುಗೆ ಮಾಡಿದವಳು. ಅಂಥವಳು ಅವತ್ತು ಸಂಜೆ ಗೋಡೆಗೆ ಒರಗಿ ಕೂತು ಮಗುವಿನ ಹಾಗೆ ಅತ್ತಳು. ಸಮಾಧಾನ ಮಾಡಬೇಕೆಂದು ಪಕ್ಕದಲ್ಲಿ ಕೂತೆ. ಆದರೆ ಬಾಯಿಂದ ಬಂದದ್ದು ಬೇರೆಯೇ ಮಾತು.

“ನಾನು ಸತ್ತರೂ ಹೀಗೇ ಅಳುತ್ತೀಯಾ?”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ನನ್ನನ್ನು ಒಂದು ಕ್ಷಣ ನೋಡಿದಳು.

“ಮೊದ್ಲು ಎದ್ದು ಹೋಗಿ ಆ ಗುಂಡಿಗೆ ನೀರು ಬಿಟ್ ಬರ್ರಿ. ಗೇಣುದ್ದ ಇಳಿದೈತೆ,” ಅಂದಳು.

ಅವತ್ತಿನಿಂದ ದಿನಾ ಬೆಳಿಗ್ಗೆ ಬೀಗ ತೆಗೆದು ಹೋಗಿ ಪೈಪು ಹಿಡಿದು ನಿಲ್ಲುತ್ತೇನೆ. ಸೀಬೆಗಿಡದ ಬಾಗಿದ ಕೊಂಬೆಯ ಮೇಲೆ ಒಂದು ಮಿಂಚುಳ್ಳಿ ಕೂತಿರುತ್ತದೆ. ಅಕ್ಕ ಒಂದು ಮಾರು ದೂರದಲ್ಲಿ ಪಾತ್ರೆ ತೊಳೆಯುತ್ತಿದ್ದರೂ ಅದು ಮೀನಿನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲವಂತೆ, ನನ್ನ ಹೆಂಡತಿ ಹೇಳುತ್ತಾಳೆ. ನಾನು ಸದ್ದಾಗದ ಹಾಗೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಬರಿಗಾಲಲ್ಲಿ, ಗೋಡೆಯ ಪಕ್ಕದಿಂದಲೇ ಮೆಲ್ಲಗೆ ಹೋಗುತ್ತೇನೆ. ನಲ್ಲಿ ತಿರುಗಿಸುವ ಮೊದಲೇ ಅದು ಹಾರಿಹೋಗುತ್ತದೆ. ಇವತ್ತೂ ಹಾರಿಹೋಯಿತು.